ಪಟ್ಟಿ ನೋಡಿ ದೇಶ ಆರಿಸಬೇಡಿ

ತ್ಯಾಗರಾಜನಗರದಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಬಹಳ. ಅಲ್ಲೇ ನೆಲೆಸುವುದೋ, ವಾಪಸ್ ಬರುವುದೋ ಎಂಬ ಮಾತು ಬಂತೆಂದರೆ ನೀವು ಫೋನ್ ತೆಗೆದು, ಜೀವನಮಟ್ಟದಲ್ಲಿ ಯಾವ ದೇಶ ಎಷ್ಟನೆಯದು ಎಂಬ ಪಟ್ಟಿ ತೋರಿಸುತ್ತೀರಿ. ಆ ಅಭ್ಯಾಸ ಬಿಡಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ನೀವು ಪಟ್ಟಿಯ ಕೆಳಗಿನ ಸಣ್ಣಕ್ಷರವನ್ನೂ ಓದುವುದಿಲ್ಲ.

ನಮ್ಮೂರನ್ನೇ ನೋಡಿ. ಕೇಂದ್ರ ಸರ್ಕಾರದ ‘ಈಸ್ ಆಫ್ ಲಿವಿಂಗ್’ ಪಟ್ಟಿಯಲ್ಲಿ 2018ರಲ್ಲಿ ಬೆಂಗಳೂರಿಗೆ 111 ನಗರಗಳಲ್ಲಿ 58ನೇ ಸ್ಥಾನ. 2020ರ ಪಟ್ಟಿಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನರಿರುವ ನಗರಗಳ ಪೈಕಿ ಮೊದಲನೇ ಸ್ಥಾನ! ಎರಡು ವರ್ಷದಲ್ಲಿ ಊರು ಅಷ್ಟು ಸುಧಾರಿಸಿತೇ? ಅಳೆಯುವ ಕ್ರಮವೇ ಬದಲಾಗಿತ್ತು. ದೊಡ್ಡ ಊರು, ಸಣ್ಣ ಊರು ಬೇರೆ ಮಾಡಿದರು; ಜನರ ಅಭಿಪ್ರಾಯಕ್ಕೆ ನೂರಕ್ಕೆ 30 ಅಂಕ ಇಟ್ಟರು. ಎರಡನೆಯದಾದ ಪುಣೆಗೂ ನಮಗೂ ಅರ್ಧ ಅಂಕದ ಅಂತರವೂ ಇರಲಿಲ್ಲ. ‘ಜೀವನದ ಗುಣಮಟ್ಟ’ ಎಂಬ ಭಾಗವನ್ನಷ್ಟೇ ತೆಗೆದುಕೊಂಡರೆ ಮುಂದಿದ್ದದ್ದು ಚೆನ್ನೈ.

ದೇಶಗಳ ಲೆಕ್ಕ ಇನ್ನೂ ಕಷ್ಟದ್ದು. ವಿಶ್ವಸಂಸ್ಥೆ 1990ರಿಂದ ಆಯಸ್ಸು, ಓದು, ಆದಾಯ ಸೇರಿಸಿ ಮಾನವ ಅಭಿವೃದ್ಧಿಯನ್ನು ಅಳೆಯುತ್ತಿದೆ. 2025ರ ವರದಿಯಲ್ಲಿ ಭಾರತ 193ರಲ್ಲಿ 130ನೆಯದು. ಆದರೆ ಆ ವರದಿ ಬಂದಾಗ ನಮ್ಮ ಕೈಲಿದ್ದ ಕೊನೆಯ ಜನಗಣತಿ 2011ರದು. ಆಮೇಲಿನ ತಲೆಲೆಕ್ಕವೆಲ್ಲ ಅಂದಾಜು. ಹಾಗಾಗಿ ಎರಡು ಮೂರು ಸ್ಥಾನ ಮೇಲೆ ಕೆಳಗೆ ಆಯಿತೆಂದು ಜಗಳಾಡಬೇಡಿ. ನೂರು ಸ್ಥಾನದ ಅಂತರವನ್ನು ಮಾತ್ರ ತಳ್ಳಿಹಾಕಬೇಡಿ, ಅದು ನಿಜವಾದದ್ದು.

ಮಗನ ಸಂಬಳವನ್ನು ಬ್ಯಾಂಕಿನ ದರದಲ್ಲಿ ಗುಣಿಸಿ ನೆರೆಯವರಿಗೆ ಹೇಳುವುದನ್ನೂ ನಿಲ್ಲಿಸಿ. 2017ರಲ್ಲಿ ಡಾಲರಿಗೆ 65 ರೂಪಾಯಿ ಇದ್ದಾಗ, ವಿಶ್ವಬ್ಯಾಂಕ್ ಬೆಲೆಗಳನ್ನು ಹೋಲಿಸಿ ಹಾಕಿದ ಲೆಕ್ಕದಲ್ಲಿ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವುದು ಇಲ್ಲಿ ಸುಮಾರು 21 ರೂಪಾಯಿಗೆ ಸಿಗುತ್ತಿತ್ತು. ಅದೂ ಸರಾಸರಿ, ಗಾಂಧಿಬಜಾರಿನ ಸೊಪ್ಪಿಗೆ ಒಂದು ಲೆಕ್ಕ, ಐಫೋನಿಗೆ ಇನ್ನೊಂದು.

ದೂರದ ಬೆಟ್ಟ ಅಲ್ಲಿರುವ ಮಕ್ಕಳಿಗೂ ನುಣ್ಣಗೇ. ಮಗಳಿಗೆ ಇಲ್ಲಿನ ದೋಸೆ ನೆನಪಾಗುತ್ತದೆ, ರಸ್ತೆಯ ಗುಂಡಿ ನೆನಪಾಗುವುದಿಲ್ಲ. ಅದಕ್ಕೇ ಎಲ್ಲರೂ ಕೂತು ಬರೆಯಿರಿ: ಸಂಬಳ, ಮಕ್ಕಳ ಶಾಲೆ, ವಯಸ್ಸಾದವರ ಆರೈಕೆ, ವೀಸಾದ ಭರವಸೆ, ಉಸಿರಾಡುವ ಗಾಳಿ. ಯಾವುದಕ್ಕೆ ಎಷ್ಟು ಅಂಕ ಎಂದು ನಿಮ್ಮ ಮನೆಯೇ ತೀರ್ಮಾನಿಸಲಿ. ಆಮೇಲೆ ಅಂಕಗಳನ್ನು ಕೊಂಚ ಹೆಚ್ಚುಕಡಿಮೆ ಮಾಡಿ ಇನ್ನೊಮ್ಮೆ ಕೂಡಿ. ಎರಡು ಸಲವೂ ಒಂದೇ ದೇಶ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಬೇರೆ ಬಂತೋ, ಮನೆ ಮಾರುವ ಮಾತೆತ್ತಬೇಡಿ. ಒಂದು ವರ್ಷ ಬಾಡಿಗೆಗೆ ಕೊಟ್ಟು, ಅಲ್ಲಿದ್ದು ನೋಡಿ ಬನ್ನಿ.