ನಿತ್ಯದ ರಕ್ಷಣೆಗೆ ಬಂದೂಕು ಬೇಕೆ?



ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಭಕ್ತರು ಶ್ರೀಮಠಕ್ಕೆ ಬಂದಾಗ ಮಳೆ-ಬೆಳೆ, ಪೇಟೆ ಧಾರಣೆಯ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಎತ್ತುವುದುಂಟು. "ಕಾಲ ಕೆಟ್ಟಿದೆ. ರೊಕ್ಕ ಹಿಡಿದು ತಿರುಗುವವರು ನಾವು. ಪಿಸ್ತೂಲಿನ ಲೈಸನ್ಸ್ ಮಾಡಿಸಿ ದಿನಾಲು ಸೊಂಟದಲ್ಲಿ ಇಟ್ಟುಕೊಂಡರೆ ತಪ್ಪೇನು?" ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಆದ್ದರಿಂದ ಈ ಸಲದ ಅಧ್ಯಯನ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

1. ಅಂಜಿಕೆ ಸುಳ್ಳಲ್ಲ

ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಮಾರಿದ ರೈತ, ದುಧನಿಯ ಅಡತಿ ಅಂಗಡಿಯಲ್ಲಿ ತೊಗರಿಯ ಪಟ್ಟಿ ಚುಕ್ತಾ ಮಾಡಿಕೊಂಡ ವ್ಯಾಪಾರಿ, ಕತ್ತಲಾದ ಮೇಲೆ ಒಬ್ಬನೇ ಮೋಟಾರ್ ಸೈಕಲ್ ಮೇಲೆ ಊರಿಗೆ ಹೊರಟರೆ ಮನೆಯವರಿಗೆ ಚಿಂತೆ ಹತ್ತುವುದು ಸಹಜ. ಹೊಲದ ವಸತಿಯಲ್ಲಿ ಇರುವವರಿಗೆ ನೆರೆಮನೆ ಕೂಗಳತೆಯಲ್ಲಿ ಇರುವುದಿಲ್ಲ. ಅಲ್ಲದೆ ಭೀಮಾ ತೀರದಲ್ಲಿ ಕಂಟ್ರಿ ಪಿಸ್ತೂಲು ಮಾಡಿದ ಅನಾಹುತ ನಮ್ಮ ಹಿರಿಯರೆಲ್ಲ ಕಂಡದ್ದು, ಕೇಳಿದ್ದು. ಆದರೆ ಅಲ್ಲಿಂದ ಕಲಿಯುವ ಪಾಠವೇ ಬೇರೆ. ಅಲ್ಲಿ ಆಯುಧ ಇದ್ದ ಮನೆತನಗಳು ಸುಖವಾಗಿ ಉಳಿಯಲಿಲ್ಲ. ಒಂದು ಗುಂಡಿಗೆ ಇನ್ನೊಂದು ಗುಂಡು ಉತ್ತರವಾಗಿ, ವೈರ ಮಕ್ಕಳ ಕಾಲಕ್ಕೂ ನಡೆದು ಬಂತು.

2. ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳು ಜಾರಿಯಲ್ಲಿವೆ. 2019ರಲ್ಲಿ ಕಾಯಿದೆಗೆ ತಿದ್ದುಪಡಿ ಆಯಿತು. ಭಕ್ತರು ಮುಖ್ಯವಾಗಿ ತಿಳಿದಿರಬೇಕಾದ ಅಂಶಗಳು ಇವು:

(ಅ) ಬಂದೂಕಿನ ಪರವಾನಗಿ ಕೇಳಿದವರಿಗೆಲ್ಲ ಸಿಗುವ ವಸ್ತುವಲ್ಲ. ಅರ್ಜಿಯಲ್ಲಿ ಕಾರಣ ಬರೆಯಬೇಕು, ಪೊಲೀಸರ ವರದಿ ಬರಬೇಕು. ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು, ಸೊಲ್ಲಾಪುರ ಶಹರದಂಥಲ್ಲಿ ಪೊಲೀಸ್ ಕಮಿಷನರ್, ವಿಚಾರ ಮಾಡಿ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. 2019ರ ತಿದ್ದುಪಡಿಯ ಪ್ರಕಾರ ಪರವಾನಗಿಯ ಅವಧಿ 5 ವರ್ಷ. ಒಬ್ಬರಿಗೆ 3 ಆಯುಧಗಳ ಮಿತಿ ಇದ್ದದ್ದು 2ಕ್ಕೆ ಇಳಿಯಿತು.

(ಆ) ಪರವಾನಗಿ ಇಲ್ಲದ ಬಂದೂಕು ಸಿಕ್ಕರೆ ಕಡಿಮೆ ಎಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಸೆರೆವಾಸ, ಮೇಲೆ ದಂಡ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

(ಇ) ಗಡಿಭಾಗದ ನಮಗೆ ಇದು ಬಹಳ ಮುಖ್ಯ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ಅದರಲ್ಲಿಯೇ ಬರೆದಿರುತ್ತಾರೆ. ಜತ್ತದವರು ವಿಜಯಪುರಕ್ಕೆ, ದುಧನಿಯವರು ಕಲಬುರಗಿಗೆ ಹೋಗುವುದು ನಮಗೆ ಒಂದು ಗಳಿಗೆಯ ದಾರಿ. ಕಾನೂನಿಗೆ ಅದು ಇನ್ನೊಂದು ರಾಜ್ಯ. ಮಹಾರಾಷ್ಟ್ರಕ್ಕೆ ಮಾತ್ರ ಪರವಾನಗಿ ಇದ್ದವರು ಪಿಸ್ತೂಲಿನ ಸಮೇತ ಗಡಿ ದಾಟಿದರೆ, ಕಳ್ಳ ಬರುವ ಮೊದಲೇ ತಾವೇ ಆರೋಪಿಯಾಗುವ ಪ್ರಸಂಗ ಬಂದೀತು.

"ಕೊಡಗಿನವರಿಗೆ ಲೈಸನ್ಸ್ ಬೇಡವಂತೆ, ನಮಗೇಕೆ ಬೇಕು?" ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಅವರ ಪರಂಪರೆಗೆ ಕೊಟ್ಟದ್ದು. 2019ರಲ್ಲಿ ಅದನ್ನು ಮತ್ತೆ 10 ವರ್ಷ ಮುಂದುವರಿಸಿದರು. ಅವರಾದರೂ ಕೈಲ್‌ಪೋದ್ ಹಬ್ಬದಲ್ಲಿ ಕೋವಿಯನ್ನು ಪೂಜೆ ಮಾಡುತ್ತಾರೆಯೇ ಹೊರತು ದಿನಾಲು ಅಂಗಡಿಗೆ ಹೊತ್ತು ನಡೆಯುವುದಿಲ್ಲ.

3. ಆತ್ಮರಕ್ಷಣೆಯ ಹಕ್ಕಿಗೆ ಮೇರೆ ಇದೆ

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ನೆಯ ಕಲಮುಗಳು ತನ್ನ ಮತ್ತು ಇತರರ ಪ್ರಾಣ, ಆಸ್ತಿಗಳನ್ನು ಕಾಯ್ದುಕೊಳ್ಳುವ ಹಕ್ಕನ್ನು ಮಾನ್ಯ ಮಾಡುತ್ತವೆ. ಈ ಹಕ್ಕಿಗೆ ಬಂದೂಕು ಇರಲೇಬೇಕೆಂದಿಲ್ಲ. ಕೈಯಲ್ಲಿ ಕೋಲಿದ್ದವನಿಗೂ ಬರಿಗೈಯಲ್ಲಿದ್ದವನಿಗೂ ಅದು ಒಂದೇ.

ಮೇರೆಗಳನ್ನೂ ಅಲ್ಲಿಯೇ ಹೇಳಿದೆ. ಪೊಲೀಸರ ಸಹಾಯ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಸುಲಿಗೆ, ರಾತ್ರಿ ಮನೆ ಒಡೆಯುವುದು ಇವುಗಳಿಗೆ ಕಾನೂನು ಬೇರೆ ಅಳತೆ ಇಟ್ಟಿದೆ. ಆದರೆ ಪ್ರಾಣದ ಅಥವಾ ಭಾರಿ ಗಾಯದ ಅಂಜಿಕೆ ಹುಟ್ಟಿಸದ ಬರಿಯ ಕಳ್ಳತನಕ್ಕೆ ಕಳ್ಳನ ಪ್ರಾಣ ತೆಗೆಯುವ ಹಕ್ಕು ಕೊಟ್ಟಿಲ್ಲ. ಕೈಚೀಲ ಕಿತ್ತು ಓಡುವವನ ಬೆನ್ನಿಗೆ ಗುಂಡು ಹೊಡೆದವನು ಕೊಲೆಯ ಖಟ್ಲೆಗೆ ನಿಲ್ಲಬೇಕಾದೀತು. ಚೀಲದಲ್ಲಿದ್ದ ಹಣದ ಎಷ್ಟೋ ಪಟ್ಟು ವಕೀಲರಿಗೆ ಹೋದೀತು.

4. ಆ ಗಳಿಗೆಯಲ್ಲಿ ಉಪಯೋಗವಾದೀತೆ?

ಸುಲಿಗೆಗಾರ ತಿಥಿ-ವಾರ ಹೇಳಿ ಬರುವುದಿಲ್ಲ. ಜಾಗ, ಹೊತ್ತು ಆರಿಸುವವನು ಅವನೇ. ಮೋಟಾರ್ ಸೈಕಲ್ ಹ್ಯಾಂಡಲ್ ಹಿಡಿದ ಕೈ ಸೊಂಟಕ್ಕೆ ಹೋಗುವುದರೊಳಗೆ ಅವನ ಕೆಲಸ ಆಗಿರುತ್ತದೆ. ಬರಿಯ ರೊಕ್ಕಕ್ಕೆ ಬಂದವನು ಎದುರಿನವರ ಕೈಯಲ್ಲಿ ಪಿಸ್ತೂಲು ಕಂಡರೆ ಪ್ರಾಣಕ್ಕೇ ಕೈ ಹಾಕಿಯಾನು.

ಹಿರಿಯ ಸಂಶೋಧಕರಾದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದದ್ದನ್ನು ನಾವಾರೂ ಮರೆತಿಲ್ಲ. ಮನೆಗೆ ಬಂದವರಿಗೆ ಬಾಗಿಲು ತೆರೆಯುವ ಗಳಿಗೆಯಲ್ಲಿ ಯಾರ ಕೈಯಲ್ಲಿಯೂ ಆಯುಧ ಇರುವುದಿಲ್ಲ. ಕೊಲ್ಲಬೇಕೆಂದೇ ಬಂದವನ ಎದುರು ಕಪಾಟಿನೊಳಗಿನ ಬಂದೂಕು ಏನು ಮಾಡೀತು?

5. ಮನೆಯೊಳಗಿನ ಅಪಾಯ

ಕಳ್ಳ ವರ್ಷಕ್ಕೊಮ್ಮೆಯೂ ಬರಲಿಕ್ಕಿಲ್ಲ. ಬಂದೂಕು ಮಾತ್ರ 365 ದಿನವೂ ಮನೆಯಲ್ಲಿ ಇರುತ್ತದೆ. ಮಕ್ಕಳ ಕೈಗೆ ಸಿಗಬಹುದು. ಬಾಂದಿನ ತಕರಾರಿನಲ್ಲಿ, ದಾಯಾದಿಗಳ ಪಾಲಿನ ಜಗಳದಲ್ಲಿ ಕುಡಗೋಲು, ಬಡಿಗೆ ಎತ್ತಿದ್ದನ್ನು ಹಿರಿಯರು ನಡುವೆ ಬಂದು ಬಿಡಿಸಿದ್ದಾರೆ. ಹಾರಿದ ಗುಂಡನ್ನು ಬಿಡಿಸುವವರಾರು? ಮಳೆ ಕೈಕೊಟ್ಟ ವರ್ಷ, ಸಾಲದ ಚಿಂತೆಯಲ್ಲಿ ಮನಸ್ಸು ಮುರಿದವನ ಹತ್ತಿರ ಅದು ಇರುವುದೂ ಕ್ಷೇಮವಲ್ಲ. ಇದನ್ನು ಮನೆಯ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

6. ಹಾಗಾದರೆ ಏನು ಮಾಡಬೇಕು?

ಮೊದಲು, ಸುಲಿಯಲು ಏನೂ ಇಲ್ಲದಂತೆ ನೋಡಿಕೊಳ್ಳಬೇಕು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ಪಟ್ಟಿಯ ಹಣವನ್ನು ಅಡತಿಯವರಿಂದ ನೇರ ಖಾತೆಗೆ ಹಾಕಿಸಿಕೊಳ್ಳಿ. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲೂ ರಾತ್ರಿ ನಡೆಯುತ್ತದೆ. ಖಾತೆಗೆ ಹೋದ ಹಣವನ್ನು ದಾರಿಯಲ್ಲಿ ಯಾರೂ ಕಸಿಯಲಾರರು, ಲೆಕ್ಕವೂ ಚೊಕ್ಕಟವಾಗಿ ಉಳಿಯುತ್ತದೆ.

ಎರಡನೆಯದು, ನಗದು ಒಯ್ಯಲೇಬೇಕಾದರೆ ಇಬ್ಬರು ಕೂಡಿ, ಹಗಲು ಹೊತ್ತಿನಲ್ಲಿ ಹೋಗಿ. ದಿನಾಲು ಒಂದೇ ಹೊತ್ತು, ಒಂದೇ ದಾರಿ ಬೇಡ. ಹಣದ ಮಾತು ಚಹಾದ ಅಂಗಡಿಯಲ್ಲಿ ಆಡಬೇಡಿ. ದೊಡ್ಡ ವ್ಯಾಪಾರಿಗಳು ನಗದು ಸಾಗಣೆಯ ವಿಮೆಯ ಬಗ್ಗೆ ವಿಮಾ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಹೋದ ಹಣವನ್ನು ವಿಮೆ ತುಂಬಿ ಕೊಟ್ಟೀತು. ಹೋದ ಜೀವವನ್ನು ಯಾರೂ ತುಂಬಿ ಕೊಡಲಾರರು.

ಮೂರನೆಯದು, 112 ಸಂಖ್ಯೆ ಮನೆಯ ಎಲ್ಲರಿಗೂ ಬಾಯಿಪಾಠ ಇರಲಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಅದೇ ನಡೆಯುತ್ತದೆ. ವಸತಿಯ ಮನೆಗಳಲ್ಲಿ ದೀಪ, ನಾಯಿ, ಗಟ್ಟಿ ಅಗಳಿ ಇರಲಿ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ ಒಂದು ಕೂಗಿಗೆ ಓಡಿಬರುವ ಕಟ್ಟು ಮಾಡಿಕೊಳ್ಳಿ.

ನಾಲ್ಕನೆಯದು, ಬಾಂದಿನ ತಕರಾರನ್ನು ಬೆಳೆಯಲು ಬಿಡದೆ ಸರಕಾರಿ ಮೋಜಣಿ ಮಾಡಿಸಿ. ವರ್ಷಾನುಗಟ್ಟಲೆ ಬೆಳೆದ ವೈರಕ್ಕಿಂತ ಮೋಜಣಿಯ ಖರ್ಚು ಸೋವಿ.

7. ನಿಜವಾದ ಬೆದರಿಕೆ ಇದ್ದವರು

ಹೆಸರು ಹಿಡಿದು ಬೆದರಿಕೆ ಬಂದವರು, ಹಿಂದೆ ಹಲ್ಲೆಗೆ ಒಳಗಾದವರು ಕೆಲವರಿರಬಹುದು. ಅವರು ಮೊದಲು ಠಾಣೆಯಲ್ಲಿ ಲಿಖಿತ ಫಿರ್ಯಾದಿ ಕೊಟ್ಟು ಅದರ ಪ್ರತಿ ಪಡೆದುಕೊಳ್ಳಬೇಕು. ಆಮೇಲೆಯೂ ಅವಶ್ಯವೆನಿಸಿದರೆ ಪರವಾನಗಿಗೆ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ. ಸಿಕ್ಕರೆ ತರಬೇತಿ ಪಡೆದು, ಕೀಲಿ ಹಾಕಿ ಇಟ್ಟು, ಶರತ್ತು ಮೀರದೆ ನಡೆಯಬೇಕು. ಕಾನೂನು ದಾರಿ ಬಿಟ್ಟು ಕಂಟ್ರಿ ಪಿಸ್ತೂಲಿಗೆ ಕೈ ಚಾಚುವುದು ಮಾತ್ರ ಯಾವ ಕಾಲಕ್ಕೂ ಸಲ್ಲದು.

ಉಳಿದ ನಮ್ಮೆಲ್ಲರಿಗೆ, ದಿನಾಲು ಬಂದೂಕು ಹೊರುವ ಅವಶ್ಯಕತೆ ಇಲ್ಲವೆಂಬುದೇ ನಮ್ಮ ತಿಳಿವಳಿಕೆ. ಬಂದೂಕು ಉಪಯೋಗಕ್ಕೆ ಬಂದರೆ ಒಂದು ಗಳಿಗೆಗೆ ಬಂದೀತು. ಎಚ್ಚರ, ಚೊಕ್ಕ ಲೆಕ್ಕ, ನೆರೆಹೊರೆಯವರ ವಿಶ್ವಾಸ ಇವು ದಿನವಿಡೀ ಕಾಯುತ್ತವೆ.

ಶಿವಾನುಭವ ಗೋಷ್ಠಿಯಲ್ಲಿ ಚರ್ಚೆಗೆ:

1. ನಮ್ಮ ಊರಿನಲ್ಲಿ ಪಟ್ಟಿಯ ಹಣ ಇನ್ನೂ ರೋಖವಾಗಿಯೇ ಬರುತ್ತಿದೆಯೆ? ಖಾತೆಗೆ ಹಾಕಿಸಲು ತೊಡಕೇನು?
2. ರಾತ್ರಿ ಕೂಗಿದರೆ ಓಡಿಬರುವ ನಾಲ್ಕು ಮನೆಗಳು ಯಾವುವು?
3. ಬೆಳೆಯುತ್ತಿರುವ ಯಾವ ತಕರಾರನ್ನು ಹಿರಿಯರು ಈ ವರ್ಷವೇ ಬಗೆಹರಿಸಬಹುದು?

ಗೋಷ್ಠಿಯಲ್ಲಿ ಬಂದ ವಿಚಾರಗಳನ್ನು ಶ್ರೀಮಠದ ಕಾರ್ಯಾಲಯಕ್ಕೆ ಬರೆದು ಕಳಿಸಬೇಕೆಂದು ವಿನಂತಿ.


ಕಾರ್ಯದರ್ಶಿ