ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ, ಒಂದು ಘಾಟಿ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ನಿಜವಾದ ಘಾಟಿಯಲ್ಲಿ 57 ಸುರಂಗಗಳಿವೆ, ನನ್ನದರಲ್ಲಿ ಮೂರು. ಅಲ್ಲಿಯಂತೆಯೇ ಇಲ್ಲಿಯೂ ಏರು 50ಕ್ಕೆ 1, ಅಂದರೆ ಮೀಟರಿಗೆ ಎರಡು ಸೆಂಟಿಮೀಟರ್. ಓಡುವವು ಎಚ್‌ಒ ಅಳತೆಯ ಮೂರು ರೈಲುಗಳು. ನಿಜದ ರೈಲಿನ 87ರಲ್ಲಿ ಒಂದು ಪಾಲಿನ ಗಾತ್ರ, ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.

ಈ ಹವ್ಯಾಸಕ್ಕೆಂದು ತಿಂಗಳಿಗೆ 1,500 ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತೇನೆ. ಮನೆಖರ್ಚಿನ ಹಣವನ್ನು ಇದಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಒಂದೊಂದು ಎಂಜಿನ್ ಕೊಳ್ಳಲೂ ತಿಂಗಳುಗಟ್ಟಲೆ ಕಾಯಬೇಕು. ಮಾದರಿ ರೈಲುಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಎಂಜಿನ್‌ಗೆ ಇಷ್ಟು ತೆತ್ತ ಮೇಲೆ ಅದನ್ನು ಓಡಿಸುವ ಸಾಧನಕ್ಕೆ ಎಷ್ಟು ಕೊಡಬೇಕು? ನಾನು ಎರಡು ವರ್ಷದಲ್ಲಿ ಕಲಿತ ಪಾಠ ಈ ಪ್ರಶ್ನೆಗೆ ಸಂಬಂಧಿಸಿದ್ದು.

ಮೊದಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಹಳೆಯ ಪದ್ಧತಿಯಲ್ಲಿ ಹಳಿಗೆ ಕರೆಂಟು ಕೊಟ್ಟರೆ ಅದರ ಮೇಲಿರುವ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಹೊರಡುತ್ತವೆ. 1990ರ ದಶಕದಲ್ಲಿ ಪ್ರಮಾಣಿತವಾದ ಡಿಸಿಸಿ ಪದ್ಧತಿಯಲ್ಲಿ ಹಾಗಲ್ಲ. ಪ್ರತಿ ಎಂಜಿನ್‌ನೊಳಗೆ ಒಂದು ಡಿಕೋಡರ್, ಅದಕ್ಕೊಂದು ಸಂಖ್ಯೆ. ಕಮಾಂಡ್ ಸ್ಟೇಷನ್ ಆ ಸಂಖ್ಯೆಯನ್ನು ಕರೆದು ಆಜ್ಞೆ ಕೊಟ್ಟರೆ ಅದೊಂದೇ ಎಂಜಿನ್ ಕೇಳುತ್ತದೆ. ವಿದೇಶದಿಂದ ತರಿಸುವ ಕಮಾಂಡ್ ಸ್ಟೇಷನ್ ನನ್ನ ಕೈಗೆ ಎಟುಕುವಂತಿರಲಿಲ್ಲ. ಅದರ ಬದಲಿಗೆ, ಸ್ವಯಂಸೇವಕರು ರೂಪಿಸಿ ಉಚಿತವಾಗಿ ಕೊಟ್ಟಿರುವ ಡಿಸಿಸಿ-ಇಎಕ್ಸ್ ತಂತ್ರಾಂಶವನ್ನು ಆರ್ಡುಯಿನೊ ಮೆಗಾ ಬೋರ್ಡಿಗೆ ತುಂಬಿದೆ. ಅದಕ್ಕೊಂದು ಮೋಟರ್ ಶೀಲ್ಡ್, ಒಂದು ಇಎಸ್‌ಪಿ8266 ವೈಫೈ ಚಿಪ್, ಒಂದು ಅಡಾಪ್ಟರ್. ಎಲ್ಲ ಸೇರಿ 3,400 ರೂಪಾಯಿ ಆಯಿತು. ಕೈಯಲ್ಲಿ ಹಿಡಿದು ಓಡಿಸುವ ಥ್ರಾಟಲ್‌ನ ಬದಲಿಗೆ ‘ಎಂಜಿನ್ ಡ್ರೈವರ್’ ಎಂಬ ಉಚಿತ ಆಂಡ್ರಾಯ್ಡ್ ಆ್ಯಪ್ ಇದೆ. ಇನ್ನು ಬೇಕಾದದ್ದು ಒಂದು ಟ್ಯಾಬ್ಲೆಟ್ ಮಾತ್ರ.

ಇಲ್ಲಿಯೇ ನಾನು ಮೊದಲ ತಪ್ಪು ಮಾಡಿದ್ದು. ಆನ್‌ಲೈನ್ ರಿಯಾಯಿತಿ ಮಾರಾಟದಲ್ಲಿ ಹೆಸರೇ ಕೇಳಿರದ ಕಂಪನಿಯ ಹತ್ತಿಂಚಿನ ಟ್ಯಾಬ್ಲೆಟ್ ಒಂದನ್ನು 5,800 ರೂಪಾಯಿಗೆ ಕೊಂಡೆ. ಅದರ ರ‍್ಯಾಮ್ 2 ಜಿಬಿ, ಆಂಡ್ರಾಯ್ಡ್ ಹಳೆಯದು. ಆ್ಯಪ್ ಏನೋ ತೆರೆಯಿತು. ಆದರೆ ಬೆರಳಿಟ್ಟ ಮೇಲೆ ಪರದೆ ಎಚ್ಚರವಾಗಲು ಒಮ್ಮೊಮ್ಮೆ ಎರಡು ಸೆಕೆಂಡು ಹಿಡಿಯುತ್ತಿತ್ತು.

ಎರಡು ಸೆಕೆಂಡಿನಲ್ಲಿ ಏನು ಮಹಾ ಎನ್ನಬೇಡಿ, ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದ ರೈಲನ್ನು 87ರಿಂದ ಭಾಗಿಸಿದರೆ ಹಲಗೆಯ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರ್. ಎರಡು ಸೆಕೆಂಡಿಗೆ 38. ಆ ಸಂಜೆ ಘಾಟಿ ಇಳಿದು ಬಂದ ಎಂಜಿನ್‌ಗೆ ಉಳಿದಿದ್ದ ಹಳಿ 30 ಸೆಂಟಿಮೀಟರ್. ನಾನು ‘ಸ್ಟಾಪ್’ ಒತ್ತಿದೆ, ಎಂಜಿನ್ ನಿಲ್ಲಲಿಲ್ಲ. ಹಲಗೆಯ ಅಂಚು ದಾಟಿ ನೆಲಕ್ಕೆ ಬಿತ್ತು. ಬೋಗಿಯ ಚೌಕಟ್ಟು, ಕಪ್ಲಿಂಗ್ ಎರಡೂ ಮುರಿದವು. ದುರಸ್ತಿಗೆ 2,400 ರೂಪಾಯಿ. ಟ್ಯಾಬ್ಲೆಟ್ಟನ್ನು ಕೊನೆಗೆ 1,000 ರೂಪಾಯಿಗೆ ಮಾರಿದೆ. ಒಟ್ಟು 7,200 ರೂಪಾಯಿ ಹೋಯಿತು, ಕೈಯಲ್ಲಿ ಟ್ಯಾಬ್ಲೆಟ್ಟೂ ಉಳಿಯಲಿಲ್ಲ.

ಆ ನೋವಿನಲ್ಲಿ ಎರಡನೇ ತಪ್ಪಿನ ಹೊಸ್ತಿಲವರೆಗೆ ಹೋದೆ. ‘ಇನ್ನು ಅಗ್ಗದ್ದು ಬೇಡವೇ ಬೇಡ’ ಎಂದು ಶೋರೂಮಿಗೆ ನಡೆದೆ. ಅಲ್ಲಿ ತೋರಿಸಿದ್ದು 32,000 ರೂಪಾಯಿಯ ಹನ್ನೊಂದು ಇಂಚಿನ ಟ್ಯಾಬ್ಲೆಟ್, ಜೊತೆಗೊಂದು ಪೆನ್ನು. ಹನ್ನೆರಡು ತಿಂಗಳ ‘ನೋ ಕಾಸ್ಟ್ ಇಎಂಐ’, ಬಡ್ಡಿಯೇ ಇಲ್ಲ ಎಂದರು. ಮನೆಗೆ ಬಂದು ಕಾಗದ ಪೆನ್ನು ಹಿಡಿದು ಕುಳಿತೆ. ಇಂಥ ಯೋಜನೆಯಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಇಳಿಸುತ್ತಾರೆ, ಅಷ್ಟೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಶೇ 16ರ ಬಡ್ಡಿ ಹಿಡಿದರೆ ಆ ವರ್ಷದ ಬಡ್ಡಿ ಸುಮಾರು 2,600 ರೂಪಾಯಿ. ಅದರ ಮೇಲಿನ ಶೇ 18 ಜಿಎಸ್‌ಟಿ 470 ರೂಪಾಯಿ, 199 ರೂಪಾಯಿ ಸಂಸ್ಕರಣಾ ಶುಲ್ಕ, ಅದಕ್ಕೂ ಜಿಎಸ್‌ಟಿ. ಖರ್ಚೇ ಇಲ್ಲದ ಕಂತಿಗೆ 700 ರೂಪಾಯಿ ಖರ್ಚು.

ಆದರೆ ನನ್ನನ್ನು ತಡೆದದ್ದು ಆ 700 ರೂಪಾಯಿಯಲ್ಲ. ಟ್ಯಾಬ್ಲೆಟ್ ಇಲ್ಲಿ ಮಾಡುವ ಕೆಲಸವಾದರೂ ಏನು ಎಂಬ ಪ್ರಶ್ನೆ. ‘ಮೂರನೇ ನಂಬರಿನ ಎಂಜಿನ್, ವೇಗ 40, ಮುಂದಕ್ಕೆ’ ಎಂದು ಹೇಳಲು ಅದು ಕಳಿಸುವುದು ಹತ್ತು ಹನ್ನೆರಡು ಅಕ್ಷರಗಳ ಒಂದು ಸಾಲು. ರೈಲಿನ ಮಿದುಳು ಇರುವುದು 3,400 ರೂಪಾಯಿಯ ಕಮಾಂಡ್ ಸ್ಟೇಷನ್‌ನಲ್ಲಿ, ಟ್ಯಾಬ್ಲೆಟ್‌ನಲ್ಲಲ್ಲ. ನನ್ನ ಇಎಸ್‌ಪಿ8266 ಚಿಪ್‌ಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ವೈಫೈ ಒಂದೇ. ಅತಿವೇಗದ ಪ್ರೊಸೆಸರ್, ಹೊಸ ಪೀಳಿಗೆಯ ವೈಫೈ, ಒಳ್ಳೆಯ ಕ್ಯಾಮೆರಾ, ಸಿಮ್ ಹಾಕುವ ಜಾಗ ಇವುಗಳಿಗೆ ಕೊಡುವ ಹಣದಲ್ಲಿ ಒಂದು ರೂಪಾಯಿಯೂ ಹಳಿಯನ್ನು ಮುಟ್ಟುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಹುಟ್ಟಿದ್ದು ಇಂಥದ್ದನ್ನು ನೋಡಿಯೇ ಇರಬೇಕು.

ಹಾಗಾಗಿ ಎರಡು ತಿಂಗಳು ಏನೂ ಕೊಳ್ಳಲಿಲ್ಲ. ಮಗಳು ಬಿಟ್ಟುಹೋಗಿದ್ದ ಹಳೆಯ ಫೋನಿಗೆ ಅದೇ ಆ್ಯಪ್ ಹಾಕಿದೆ. ಬೆರಳಿಟ್ಟ ಕ್ಷಣವೇ ಎಂಜಿನ್ ನಿಂತಿತು! ಫೋನಿನ ವಾಲ್ಯೂಮ್ ಬಟನ್ನಿನಿಂದಲೇ ವೇಗ ಏರಿಸಿ ಇಳಿಸಬಹುದು. ಕಣ್ಣು ಪರದೆಯ ಮೇಲಲ್ಲ, ರೈಲಿನ ಮೇಲಿರುತ್ತದೆ. ಒಂದು ರೈಲಿಗೆ ಆ ಫೋನೇ ಸಾಕಿತ್ತು. ಮೂರು ರೈಲುಗಳನ್ನೂ ಹಳಿ ಬದಲಿಸುವ ಪಾಯಿಂಟ್‌ಗಳನ್ನೂ ಒಟ್ಟಿಗೆ ನಡೆಸುವಾಗ ಮಾತ್ರ ಪರದೆ ಇಕ್ಕಟ್ಟಾಯಿತು. ನನಗೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ಸ್ವಲ್ಪ ದೊಡ್ಡ ಪರದೆ ಎಂಬುದು ಆಗ ಸ್ಪಷ್ಟವಾಯಿತು.

ಕೊಳ್ಳುವ ಮುನ್ನ ಐದು ಸಂಗತಿ ಬರೆದುಕೊಂಡೆ. ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿ ಕೇಳುತ್ತದೆ, ಆ ಕಂಪನಿ ಇನ್ನೆಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ ಎಂಬುದು ಮೊದಲನೆಯದು. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇರಬಾರದು, ಇದು ಎರಡನೆಯದು. ಮೂರನೆಯದು ತೂಕ: ಒಂದು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಇನ್ನೊಂದು ಕೈಯಲ್ಲಿ ಹಳಿ ತಪ್ಪಿದ ಬೋಗಿ ಎತ್ತಿಡಬೇಕಲ್ಲ, ಎಂಟರಿಂದ ಒಂಬತ್ತು ಇಂಚು ಸಾಕು. ನಾಲ್ಕನೆಯದು ಬ್ಯಾಟರಿ. ವೈಫೈ ಮತ್ತು ಪರದೆ ಎರಡೂ ಹೊತ್ತಿಕೊಂಡೇ ಮೂರು ಗಂಟೆ ನಡೆಯಬೇಕು. ಐದನೆಯದು ಊರಿನಲ್ಲಿ ಸರ್ವಿಸ್ ಸೆಂಟರ್. ಹಳೆಯ ಐಪ್ಯಾಡ್‌ಗಳನ್ನೂ ನೋಡಿದೆ. ಗಟ್ಟಿಮುಟ್ಟಾದ ಸಾಧನ ನಿಜ, ಆದರೆ ಎಂಜಿನ್ ಡ್ರೈವರ್ ಆಂಡ್ರಾಯ್ಡ್‌ಗೆ ಮಾತ್ರ ಇರುವುದು. ಬಳಸಿದ ಸಾಧನ ಕೊಳ್ಳುವುದು ತಪ್ಪಲ್ಲ. ಬೆನ್ನು ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಎಂದೇ ಅರ್ಥ, ಅದನ್ನು ಮುಟ್ಟಲೇಬೇಡಿ.

ದಸರಾ ರಿಯಾಯಿತಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಕೊಂಡೆ. 8.7 ಇಂಚು ಪರದೆ, 4 ಜಿಬಿ ರ‍್ಯಾಮ್, ಸಿಮ್ ಇಲ್ಲದ ವೈಫೈ ಮಾದರಿ. ನಾನು ಕೊಟ್ಟದ್ದು 9,800 ರೂಪಾಯಿ, ಕೂಡಿಟ್ಟ ಖಾತೆಯಿಂದ, ಒಂದೇ ಕಂತಿನಲ್ಲಿ. ಅದರಲ್ಲಿ ಬೇರೆ ಆ್ಯಪ್ ಹಾಕಿಲ್ಲ. ಪರದೆ ತಾನಾಗಿ ಆರದಂತೆ, ಬ್ಯಾಟರಿ ಉಳಿಸುವ ನೆಪದಲ್ಲಿ ರೈಲಿನ ಆ್ಯಪ್ ಮುಚ್ಚಿಹೋಗದಂತೆ ಸೆಟ್ಟಿಂಗ್ ಬದಲಿಸಿದ್ದೇನೆ. ಹಗಲಿರುಳೂ ಚಾರ್ಜಿಗೆ ಹಾಕಿಡುವುದಿಲ್ಲ.

ವಾರಕ್ಕೆ ಆರು ಗಂಟೆಯಂತೆ ನಾಲ್ಕು ವರ್ಷ ಓಡಿಸಿದರೆ 1,248 ಗಂಟೆ. ಈ ಟ್ಯಾಬ್ಲೆಟ್‌ಗೆ ಗಂಟೆಗೆ ಎಂಟು ರೂಪಾಯಿ ಬೀಳುತ್ತದೆ. 32,000ದ್ದಕ್ಕೆ ಇಪ್ಪತ್ತಾರು. ಉಳಿದ 22,200 ರೂಪಾಯಿ ನನ್ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಹದಿನೈದು ತಿಂಗಳ ಉಳಿತಾಯ. ಮೊದಲ ಟ್ಯಾಬ್ಲೆಟ್ಟಿನಲ್ಲಿ ಕಳೆದುಕೊಂಡ 7,200ಕ್ಕೆ ಇನ್ನು 2,600 ಸೇರಿಸಿದ್ದರೆ ಇದೇ ಅಂದು ಸಿಗುತ್ತಿತ್ತು ಎಂಬ ಸಂಕಟ ಈಗಲೂ ಇದೆ. ತೀರಾ ಅಗ್ಗದ್ದೂ ತೀರಾ ದುಬಾರಿಯದೂ ನನ್ನನ್ನು ಹಿಡಿದದ್ದು ಒಂದೇ ಕಾರಣಕ್ಕೆ: ಕೆಲಸ ಏನೆಂದು ತಿಳಿಯುವ ಮೊದಲೇ ಬೆಲೆ ನೋಡಿದ್ದು.

ಮಾದರಿ ರೈಲು ನಿಮ್ಮ ಮನೆಯಲ್ಲೂ ಓಡುತ್ತಿದ್ದರೆ, ಅಥವಾ ಯಾವುದೋ ಒಂದು ಕೆಲಸಕ್ಕಾಗಿ ಟ್ಯಾಬ್ಲೆಟ್ ಕೊಳ್ಳಬೇಕೆಂದಿದ್ದರೆ, ಅಂಗಡಿಗೆ ಹೋಗುವ ಮೊದಲು ಕಪಾಟು ತೆರೆಯಿರಿ. ಮೂಲೆ ಸೇರಿದ ಫೋನಿಗೆ ಆ್ಯಪ್ ಹಾಕಿ ಹದಿನೈದು ದಿನ ಬಳಸಿ ನೋಡಿ. ಎಲ್ಲಿ ಸಾಲದು ಎನಿಸುತ್ತದೋ ಅಷ್ಟಕ್ಕೆ ಮಾತ್ರ ಹಣ ಕೊಡಿ, ಮಿಕ್ಕಿದ್ದರಲ್ಲಿ ಹಳಿ ಕೊಳ್ಳಿ.