ಮೈಸೂರು ಪಾಕ್ ಯುರೋಪಿಗೆ ಹೊರಟರೆ ಮೊದಲು ತುಪ್ಪ ನೋಡಿ

ಯುರೋಪಿಗೆ ಮೈಸೂರು ಪಾಕ್ ಕಳಿಸುವ ಯೋಚನೆ ಇದೆಯೇ? ಡಬ್ಬ, ಲೇಬಲ್ಲುಗಳ ಚಿಂತೆ ಆಮೇಲಿರಲಿ, ಮೊದಲು ತುಪ್ಪ ಎಲ್ಲಿಯದು ಎಂದು ನೋಡಿಕೊಳ್ಳಿ. ಕಡಲೆಹಿಟ್ಟು, ಸಕ್ಕರೆಗೆ ಸಂಸ್ಕರಿಸಿದ ಪ್ರಾಣಿಮೂಲದ ಪದಾರ್ಥ ಬೆರೆತ ಇಂಥ ತಿನಿಸುಗಳಿಗೆ ಐರೋಪ್ಯ ಒಕ್ಕೂಟ 2021ರ ಏಪ್ರಿಲ್ 21ರಿಂದ ನಿಯಮ ಬಿಗಿ ಮಾಡಿದೆ. ತುಪ್ಪ ಸ್ವಲ್ಪವೇ ಇದ್ದರೂ ಅದು ಒಕ್ಕೂಟ ಒಪ್ಪಿದ ಘಟಕದಲ್ಲೇ ತಯಾರಾಗಿರಬೇಕು. ನಮ್ಮೂರ ಡೈರಿಯ ತುಪ್ಪ ಎಷ್ಟೇ ಘಮಘಮಿಸಲಿ, ಆ ಘಟಕ ಒಕ್ಕೂಟದ ಪಟ್ಟಿಯಲ್ಲಿಲ್ಲದಿದ್ದರೆ ಸರಕು ಗಡಿ ದಾಟುವುದಿಲ್ಲ. ಇದು ರುಚಿಯ ಪರೀಕ್ಷೆಯಲ್ಲ, ಜಾನುವಾರು ರೋಗ ಮತ್ತು ಔಷಧದ ಉಳಿಕೆಗಳ ಮೇಲಿನ ಕಾವಲು.

ಫ್ರಿಜ್ಜಿನಲ್ಲಿಡಬೇಕಿಲ್ಲದ, ಮಾಂಸ ಬೆರೆಯದ ತಿನಿಸಾದರೆ ಸರ್ಕಾರಿ ಆರೋಗ್ಯ ಪ್ರಮಾಣಪತ್ರದ ಬದಲು ಅಲ್ಲಿನ ಆಮದುದಾರರು ಸಹಿ ಹಾಕಿದ ದೃಢೀಕರಣ ಪತ್ರ ಸಾಕು. ಆದರೆ ಅವರು ಧೈರ್ಯವಾಗಿ ಸಹಿ ಹಾಕಬೇಕಾದರೆ ಪುರಾವೆ ನಿಮ್ಮಿಂದ ಹೋಗಬೇಕು: ಘಟಕದ ಅನುಮೋದನೆ ಸಂಖ್ಯೆ, ಬ್ಯಾಚ್ ನಂಬರ್, ಖರೀದಿ ಬಿಲ್. ತುಪ್ಪದ ಡಬ್ಬ ಖಾಲಿಯಾದೊಡನೆ ಎಸೆಯಬೇಡಿ. ಅದರ ಲೇಬಲ್ಲಿನ ಫೋಟೊ ತೆಗೆದು, ಯಾವ ದಿನದ ಪಾಕಕ್ಕೆ ಬಳಸಿದಿರಿ ಎಂದು ರಿಜಿಸ್ಟರಿನಲ್ಲಿ ಬರೆದಿಡಿ.

ಅಮೆರಿಕದ ದಾರಿಯೇ ಬೇರೆ. ಅಲ್ಲಿಗೆ ಕಳಿಸಲು ತಯಾರಿಕಾ ಘಟಕ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಣಿಯಾಗಿರಬೇಕು, ಸರಕು ತಲುಪುವ ಮುಂಚೆಯೇ ಸೂಚನೆ ಕೊಡಬೇಕು. ಆದ್ದರಿಂದ ಒಂದು ದೇಶಕ್ಕೆ ಸಿದ್ಧಪಡಿಸಿದ ಕಾಗದಗಳನ್ನೇ ಇನ್ನೊಂದಕ್ಕೆ ಕಳಿಸಬೇಡಿ. ಆರ್ಡರ್ ಒಪ್ಪುವ ಮೊದಲೇ ಆಮದುದಾರರಿಂದ ಬೇಕಾದ ದಾಖಲೆಗಳ ಪಟ್ಟಿ ತರಿಸಿಕೊಳ್ಳಿ.